ವಿಚಾರಣೆಯಿಲ್ಲದ ತೀರ್ಪು

ಎಕಂಬಾ, ಔರಾದದ ಕಡೆಯಿಂದ ಬೀದರಿಗೆ ಬರುವವರಿಗೆಲ್ಲ ಅಲ್ಲಿಯ ಹಳೆಯ ಮದರಸೆಯ ಒಂಟಿ ಮಿನಾರು ಪರಿಚಿತವೇ. 1472ರಲ್ಲಿ ಆ ವಿದ್ಯಾಲಯವನ್ನು ಕಟ್ಟಿಸಿದವನು ಮಹಮೂದ ಗವಾನ. ಇರಾಣದ ಗೀಲಾನ ಪ್ರಾಂತದಿಂದ 1453ರಲ್ಲಿ ವ್ಯಾಪಾರಿಯಾಗಿ ಬಂದ ಈ ಪರದೇಶಿಯು ಬಹಮನಿ ರಾಜ್ಯದ ಪ್ರಧಾನಿಯಾದನು. ತುರ್ಕಿಯ ಸುಲ್ತಾನನೊಡನೆಯೂ ಪತ್ರವ್ಯವಹಾರ ನಡೆಸಿದ ರಾಯಭಾರ ಕುಶಲನಾದನು.

ಗೋವೆಯನ್ನು ಗೆದ್ದುದಕ್ಕಿಂತಲೂ ಅವನ ದೊಡ್ಡ ಕಾರ್ಯವು ಒಳಾಡಳಿತದ ಸುಧಾರಣೆ. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಾಗಿಸಿ, ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನುಳಿಸಿ, ಹೊಲಗಳನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. ಅಧಿಕಾರ ಕುಗ್ಗಿದ ಸರದಾರರು ಹಗೆಗಳಾದರು. ಅವನ ಮುದ್ರೆಯೊತ್ತಿದ ಬರಿಯ ಕಾಗದವನ್ನು ಸಂಪಾದಿಸಿ, ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನನ್ನು ಕರೆಯುವ ಸುಳ್ಳು ಪತ್ರವನ್ನು ಅದರ ಮೇಲೆ ಬರೆಯಿಸಿದರು. ಸುಲ್ತಾನ ಮೂರನೆಯ ಮಹಮ್ಮದ ಶಹನು ಮುದ್ರೆಯನ್ನು ನೋಡಿದನೇ ಹೊರತು ಬರೆದ ಕೈ ಯಾರದೆಂದು ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ವೃದ್ಧ ಮಂತ್ರಿಯ ಶಿರಚ್ಛೇದವಾಯಿತು. ಮರುವರ್ಷ ಸುಲ್ತಾನನೂ ಮಡಿದನು. ಸರದಾರರನ್ನು ಹಿಡಿದು ನಿಲ್ಲಿಸುವವರಿಲ್ಲದೆ ರಾಜ್ಯವು ಕಾಲಕ್ರಮದಲ್ಲಿ ಐದು ಹೋಳಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬುದು ನಮ್ಮ ಹಿರಿಯರ ನುಡಿ. ಸುಲ್ತಾನರ ಕಾಲ ಮುಗಿಯಿತು. ಆಪಾದನೆಯನ್ನು ಕೇಳಿದೊಡನೆ ತೀರ್ಪು ಕೊಡುವ ಚಾಪಲ್ಯವು ಮುಗಿದಿಲ್ಲ. ಹೊರಗಿನಿಂದ ಬಂದವನೆಂದೋ, ಒಲ್ಲದ ಸುಧಾರಣೆ ಮಾಡಿದನೆಂದೋ ಒಬ್ಬನ ಮೇಲೆ ದೂರು ಹುಟ್ಟಿದಾಗ ಅದನ್ನು ಒರೆಗೆ ಹಚ್ಚುವುದು ಈಗ ಪ್ರಜೆಗಳ ಹೊಣೆ. ಇಂದು ಪ್ರಜೆಗಳೇ ಅರಸರು. ಅರಸನ ಅವಸರಕ್ಕೆ ಬೀದರು ತೆತ್ತ ಬೆಲೆಯನ್ನು ನಾವು ಮತ್ತೊಮ್ಮೆ ತೆರಬೇಕೆ?