ಅಲಂಕಾರಿಕ ಮುದ್ರಾಕ್ಷರ ಮತ್ತು ಓದಿನ ಎಲ್ಲೆ

ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅರಬ್ಬಿ ಲಿಪಿಯನ್ನೇ ಹೆಣೆದು ಕಲ್ಲಿನ ಜಾಲಂಧ್ರಗಳನ್ನು ಕೊರೆಯಲಾಗಿದೆ. ಅಲ್ಲಿ ಅಕ್ಷರವು ಬರಹವೂ ಹೌದು, ಕುಸುರಿಯೂ ಹೌದು. ಆ ಧಾರ್ಮಿಕ ಪಾಠವನ್ನು ಬಲ್ಲವರಿಗೆ ಲಿಪಿಯ ಬಳುಕು ತೊಡಕಾಗುವುದಿಲ್ಲ.

ಕನ್ನಡದ ಅಲಂಕಾರಿಕ ಮುದ್ರಾಕ್ಷರಕ್ಕೂ ಇದೇ ಅಳತೆಗೋಲು ಸಲ್ಲಬೇಕು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಲಗ್ನಪತ್ರಿಕೆಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೇಲ್ಭಾಗದ ಮನೆದೇವರ ಹೆಸರು ಎಷ್ಟೇ ಸುರುಳಿಗೊಂಡಿದ್ದರೂ ಬಂಧುಗಳು ಓದಬಲ್ಲರು. ವಧೂವರರ ಹೆಸರು, ಮುಹೂರ್ತ, ಸ್ಥಳಗಳೂ ಅದೇ ಅಕ್ಷರದಲ್ಲಿ ಬಂದಾಗ ಓದು ತಡವರಿಸುತ್ತದೆ.

ಇದಕ್ಕೆ ಲಿಪಿಯ ರಚನೆಯೇ ಕಾರಣ. 'ದ'ಕಾರದ ಅಡಿಯಲ್ಲಿ ಒಂದು ಸೀಳು ಮೂಡಿದರೆ ಅದು 'ಧ'ಕಾರ; 'ದನ'ವು 'ಧನ'ವಾಗುತ್ತದೆ. 'ಪ'ಕಾರದ ಒಡಲಿಗೆ ಗೆರೆ ಸೇರಿದರೆ 'ಷ'ಕಾರ. ಅಕ್ಷರದ ಅಡಿ ಒತ್ತಿಗೆ ಮೀಸಲು, ಬಲಬದಿ ದೀರ್ಘಕ್ಕೆ ಮೀಸಲು. ರೋಮನ್ ಲಿಪಿಯ ಅಲಂಕಾರಿಕ ಬಾಲಗಳನ್ನು ಇಲ್ಲಿಗೆ ತಂದು ಜೋಡಿಸಿದರೆ ಬಾಲವೇ ಒತ್ತಾಗಿಯೋ ದೀರ್ಘವಾಗಿಯೋ ತೋರುತ್ತದೆ.

ಇದೇ ನಗರದಲ್ಲಿ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಓಲೆಗರಿಗಳಲ್ಲಿದ್ದ ವಚನಗಳನ್ನು ಅಚ್ಚಿಗೆ ತರುವ ಕಾರ್ಯಕ್ಕೆ ಅದು ಆಸರೆಯಾಯಿತು. ಹಸ್ತಪ್ರತಿಗಳ ಅಕ್ಷರಪಲ್ಲಟವನ್ನು ಶ್ರದ್ಧೆಯಿಂದ ಪರಿಶೀಲಿಸುವ ನಾವು, ಮುದ್ರಾಕ್ಷರ ಹುಟ್ಟಿಸುವ ಪಲ್ಲಟವನ್ನು ಅಚ್ಚುಕೂಟದ ವಿಷಯವೆಂದು ಕಡೆಗಣಿಸಿರುವುದು ಸರಿಯಲ್ಲ. ಗ್ರಂಥಸಂಪಾದನೆಯ ಅಧ್ಯಯನದಲ್ಲಿ ಇದಕ್ಕೂ ಸ್ಥಾನ ದೊರೆಯಬೇಕು. ಅಕ್ಷರಗಳನ್ನು ವಿನ್ಯಾಸಗೊಳಿಸುವವರಿಗೆ ನಮ್ಮ ಲಿಪಿಜ್ಞಾನ ಒದಗಬೇಕು.

ಅಲಂಕಾರವೇ ಬೇಡವೆಂಬುದು ಇಲ್ಲಿನ ವಾದವಲ್ಲ. ತಿಳಿದ ಮಾತಿಗೆ ಅಲಂಕಾರವಿರಲಿ. ತಿಳಿಸಬೇಕಾದ ಮಾತು ಸರಳಾಕ್ಷರದಲ್ಲಿರಲಿ.