ವರದಿಗಾರನ ಖರ್ಚಿನ ಲೆಕ್ಕ

ನ್ಯೂಯಾರ್ಕಿನ ಪತ್ರಿಕೆಯೊಂದರ ಮುಖ್ಯಸ್ಥ ತನ್ನೆದುರು ಬಂದು ನಿಂತ ಅಪರಾಧ ವರದಿಗಾರನನ್ನು, ಯುರೋಪಿನ ಬಿಕ್ಕಟ್ಟಿನ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾನೆ. ಯಾವ ಬಿಕ್ಕಟ್ಟು ಎಂದು ವರದಿಗಾರ ತಿರುಗಿ ಕೇಳುತ್ತಾನೆ. ಅದು 1939ರ ಆಗಸ್ಟ್ ತಿಂಗಳು. ಯುದ್ಧ ಹೊಸ್ತಿಲಿಗೆ ಬಂದು ನಿಂತಿದೆ. ಈ ಮನುಷ್ಯನ ಹೆಸರು ಜಾನಿ ಜೋನ್ಸ್. ಪೊಲೀಸನೊಬ್ಬನಿಗೆ ಹೊಡೆದು ಕೆಲಸ ಕಳೆದುಕೊಳ್ಳುವ ಅಂಚಿನಲ್ಲಿದ್ದಾನೆ. ಹಿಟ್ಲರನನ್ನೇ ಹೋಗಿ ಮಾತನಾಡಿಸಿದರೆ ಹೇಗೆ, ಅವನ ಮನಸ್ಸಿನಲ್ಲಿ ಏನಾದರೂ ಇದ್ದೇ ಇರಬೇಕಲ್ಲ ಎಂದು ಚಟಾಕಿ ಹಾರಿಸುವ ಈ ಉಡಾಫೆಯವನನ್ನೇ ಮುಖ್ಯಸ್ಥ ಯುರೋಪಿಗೆ ಕಳುಹಿಸುತ್ತಾನೆ. ಪಂಡಿತರು ತಂತಿಯ ಮೂಲಕ ಕಳುಹಿಸುವ ಊಹಾಪೋಹಗಳು ಅವನಿಗೆ ಸಾಕಾಗಿವೆ. ಕಂಡದ್ದನ್ನು ಕಂಡಂತೆ ಬರೆಯುವ ಒಬ್ಬ ವರದಿಗಾರ ಅವನಿಗೆ ಬೇಕು.

ಆಲ್‌ಫ್ರೆಡ್ ಹಿಚ್‌ಕಾಕ್ 1940ರಲ್ಲಿ ನಿರ್ದೇಶಿಸಿದ ‘ಫಾರಿನ್ ಕರೆಸ್ಪಾಂಡೆಂಟ್’ ಚಿತ್ರ ಹೀಗೆ ಆರಂಭವಾಗುತ್ತದೆ. ಜೋಯೆಲ್ ಮೆಕ್‌ಕ್ರೀ ಜೋನ್ಸನ ಪಾತ್ರ ವಹಿಸಿದ್ದಾನೆ. ಆ ವರ್ಷದ ಆಸ್ಕರ್ ಪ್ರಶಸ್ತಿಗೆ ಆರು ವಿಭಾಗಗಳಲ್ಲಿ ನಾಮನಿರ್ದೇಶನಗೊಂಡ ಈ ಚಿತ್ರ, ಅತ್ಯುತ್ತಮ ಚಿತ್ರದ ಗೌರವವನ್ನು ಹಿಚ್‌ಕಾಕನದೇ ‘ರೆಬೆಕ್ಕಾ’ಗೆ ಬಿಟ್ಟುಕೊಟ್ಟಿತು. ಮಾತಿನ ಮಲ್ಲ, ಕೆಲಸಕ್ಕೆ ಬಾರದವನಂತೆ ಕಾಣುವ ಪತ್ರಕರ್ತನೊಬ್ಬ ಅಕಸ್ಮಾತ್ತಾಗಿ ಜಗತ್ತಿನ ಸಂಚೊಂದರೊಳಗೆ ಬಿದ್ದು ನಾಯಕನಾಗುವ ಕಥೆಯನ್ನು ಆಮೇಲೆ ಎಷ್ಟೋ ಜನ ಹೇಳಿದ್ದಾರೆ. ಇಷ್ಟು ಲವಲವಿಕೆಯಿಂದ ಹೇಳಿದವರು ಕಡಿಮೆ. ನಾನು ಇದನ್ನು ಹಲವು ಬಾರಿ ನೋಡಿದ್ದೇನೆ. ಈಚೆಗೆ ನೋಡಿದಾಗ ಮಾತ್ರ, ಹಿಂದೆಂದೂ ಗಮನಿಸದಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಈ ಲೇಖನ ಅದರ ಬಗೆಗಿನದು.

ಮೊದಲು ಚಿತ್ರ ಕೊಡುವ ಸುಖವನ್ನು ಒಪ್ಪಿಕೊಂಡುಬಿಡೋಣ. ಆಮ್‌ಸ್ಟರ್‌ಡ್ಯಾಮಿನಲ್ಲಿ ಸುರಿಯುವ ಮಳೆಯಲ್ಲಿ ಹಿರಿಯ ಡಚ್ ರಾಜನೀತಿಜ್ಞನೊಬ್ಬನನ್ನು ಛಾಯಾಗ್ರಾಹಕನ ವೇಷದ ಹಂತಕ ಗುಂಡಿಕ್ಕಿ ಕೊಲ್ಲುತ್ತಾನೆ. ಓಡುವ ಹಂತಕನ ಜಾಡನ್ನು ನಮಗೆ ತೋರಿಸುವುದು ಕಪ್ಪು ಕೊಡೆಗಳ ಅಲುಗಾಟವೊಂದೇ. ಬೆನ್ನಟ್ಟಿ ಬಯಲಿಗೆ ಬಂದ ಜೋನ್ಸನ ಟೊಪ್ಪಿಗೆ ಗಾಳಿಗೆ ಹಾರುತ್ತದೆ. ತಲೆಯೆತ್ತಿ ನೋಡಿದರೆ ಒಂದು ಗಾಳಿಯಂತ್ರದ ರೆಕ್ಕೆಗಳು ಗಾಳಿಯ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತಿವೆ. ಅದು ವಿಮಾನವೊಂದಕ್ಕೆ ಕೊಡುತ್ತಿರುವ ಸಂಕೇತ. ಸತ್ತವನು ರಾಜನೀತಿಜ್ಞನಲ್ಲ, ಅವನಂತೆ ಕಾಣುವ ಇನ್ನೊಬ್ಬ. ನಿಜವಾದವನು ಗಾಳಿಯಂತ್ರದೊಳಗೆ ಬಂಧಿಯಾಗಿದ್ದಾನೆ. ಜೋನ್ಸ್ ಪೊಲೀಸರನ್ನು ಕರೆತರುವ ಹೊತ್ತಿಗೆ ಅಲ್ಲಿ ಒಬ್ಬ ಅಲೆಮಾರಿ ಮಲಗಿದ್ದಾನೆ, ಮತ್ತೇನೂ ಇಲ್ಲ. ಪತ್ರಿಕೋದ್ಯಮದ ಇಡೀ ಪಾಠ ಈ ಹತ್ತು ನಿಮಿಷಗಳಲ್ಲಿದೆ ಎನ್ನಿಸುತ್ತದೆ. ರೆಕ್ಕೆ ಯಾವ ಕಡೆ ತಿರುಗುತ್ತಿದೆ ಎಂದು ನೋಡಬೇಕು. ನೋಡಿದ್ದನ್ನು ಹೇಳಿದಾಗ ಯಾರೂ ನಂಬದಿರುವುದಕ್ಕೂ ಸಿದ್ಧನಾಗಿರಬೇಕು.

ಇದಾದ ಮೇಲೆ ಹೋಟೆಲಿನ ಕೋಣೆಗೆ ಪೊಲೀಸರ ಸೋಗಿನಲ್ಲಿ ಇಬ್ಬರು ಬರುತ್ತಾರೆ. ಫೋನಿನ ತಂತಿ ಕತ್ತರಿಸಿರುವುದನ್ನು ಕಂಡ ಜೋನ್ಸ್ ಸ್ನಾನದ ನಿಲುವಂಗಿಯಲ್ಲೇ ಕಿಟಕಿಯಿಂದ ಹೊರಬಿದ್ದು ಗೋಡೆಯ ಅಂಚಿನ ಮೇಲೆ ನಡೆಯುತ್ತಾನೆ. ಆಯ ತಪ್ಪಿ ಹೋಟೆಲಿನ ದೀಪದ ಫಲಕಕ್ಕೆ ಕೈ ತಗುಲಿ ಎರಡು ಅಕ್ಷರಗಳು ಆರಿಹೋಗುತ್ತವೆ. ‘ಹೋಟೆಲ್ ಯುರೋಪ್’ ಎಂದಿದ್ದದ್ದು ‘ಹಾಟ್ ಯುರೋಪ್’ ಆಗುತ್ತದೆ. ಉರಿಯಲು ಸಿದ್ಧವಾಗಿರುವ ಖಂಡದ ಬಗ್ಗೆ ಇದಕ್ಕಿಂತ ಚಿಕ್ಕ ಸಂಪಾದಕೀಯ ಇರಲಾರದು.

ಈ ಬಾರಿ ನನ್ನ ಕಣ್ಣಿಗೆ ಬಿದ್ದದ್ದು ಆ ಹೋಟೆಲಿನ ಬಿಲ್ಲು.

ಯುರೋಪಿಗೆ ಹೋಗುತ್ತೀಯಾ ಎಂದು ಕೇಳಿದಾಗ ಜೋನ್ಸನನ್ನು ಹುರಿದುಂಬಿಸುವುದು ಸತ್ಯದ ಕರೆಯಲ್ಲ. ಖರ್ಚುವೆಚ್ಚವನ್ನು ಪತ್ರಿಕೆ ಭರಿಸುತ್ತದೆ ಎಂಬ ಮಾತು. ಇದನ್ನೂ ನಾವು ಚಟಾಕಿಯೆಂದು ನಕ್ಕು ಬಿಡುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಅವನ ಹಡಗಿನ ಟಿಕೆಟ್ಟು, ಕೋಣೆ, ಟ್ಯಾಕ್ಸಿ, ದುಬಾರಿಯಾದ ತಂತಿ ಸಂದೇಶಗಳು, ಎಲ್ಲಕ್ಕೂ ಹಿಂದೆ ಒಂದು ಕಚೇರಿಯಿದೆ. ಅವನ ಜೇಬಿನಲ್ಲಿ ಯುದ್ಧಕ್ಕೆ ಇನ್ನೂ ಇಳಿಯದ ಬಲಿಷ್ಠ ದೇಶದ ಪಾಸ್‌ಪೋರ್ಟಿದೆ. ಕೊನೆಗೆ ವಿಮಾನ ಸಮುದ್ರಕ್ಕೆ ಬಿದ್ದು, ಬದುಕುಳಿದವರನ್ನು ಎತ್ತಿಕೊಂಡ ಅಮೆರಿಕದ ಹಡಗಿನ ಕಪ್ತಾನ ಸುದ್ದಿ ಕಳುಹಿಸಲು ಅನುಮತಿ ನಿರಾಕರಿಸಿದಾಗ, ನ್ಯೂಯಾರ್ಕಿನ ಚಿಕ್ಕಪ್ಪನಿಗೆ ಫೋನು ಮಾಡುವೆನೆಂಬ ನೆಪದಲ್ಲಿ ಜೋನ್ಸ್ ಇಡೀ ವರದಿಯನ್ನು ಒಪ್ಪಿಸುತ್ತಾನೆ. ಆ ಕಡೆ ಫೋನು ಎತ್ತಿದವನು ಅವನ ಮುಖ್ಯಸ್ಥ. ಎತ್ತುವವರಿಲ್ಲದಿದ್ದರೆ ಆ ಜಾಣ್ಮೆಯಿಂದ ಏನಾಗುತ್ತಿತ್ತು? ಒಂಟಿ ನಾಯಕನ ಕಥೆಯೆಂದು ನಾವು ನೋಡುವ ಈ ಚಿತ್ರ ನಿಜಕ್ಕೂ ಅವನ ಹಿಂದೆ ನಿಂತ ಒಂದು ಮೇಜಿನ ಕಥೆ.

ನಮ್ಮ ದೇಶದ ಸಿನಿಮಾವೊಂದು ಇದೇ ಕಥೆಯನ್ನು ತಲೆಕೆಳಗು ಮಾಡಿ ತೋರಿಸಿದೆ. ಕುಂದನ್ ಶಾ ನಿರ್ದೇಶನದ 1983ರ ‘ಜಾನೇ ಭಿ ದೋ ಯಾರೋ’ದಲ್ಲಿ ನಸೀರುದ್ದೀನ್ ಶಾ ಮತ್ತು ರವಿ ಬಾಸ್ವಾನಿ ಇಬ್ಬರು ಬಡ ಛಾಯಾಗ್ರಾಹಕರು. ಪತ್ರಿಕೆಯೊಂದರ ಸಂಪಾದಕಿಗಾಗಿ ಬಿಲ್ಡರುಗಳ ಮತ್ತು ಅಧಿಕಾರಿಗಳ ಒಳವ್ಯವಹಾರವನ್ನು ಬೆನ್ನಟ್ಟುತ್ತಾರೆ. ಜೋನ್ಸನಷ್ಟೇ ತಮಾಷೆಯವರು, ಅವನಷ್ಟೇ ಅಮಾಯಕರು. ಆದರೆ ಇವರು ತಂದ ಪುರಾವೆಯನ್ನು ಸಂಪಾದಕಿ ಅಚ್ಚಿಗೆ ಕೊಡುವುದಿಲ್ಲ, ಚೌಕಾಸಿಗೆ ಬಳಸುತ್ತಾಳೆ. ಕೊನೆಯಲ್ಲಿ ಕುಸಿದ ಸೇತುವೆಯ ಅಪರಾಧ ಇವರ ತಲೆಗೇ ಬರುತ್ತದೆ. ಕೈದಿಗಳ ಬಟ್ಟೆ ತೊಟ್ಟು ಮುಂಬಯಿಯ ಬೀದಿಯಲ್ಲಿ ನಡೆಯುತ್ತಾರೆ. ಎರಡು ಚಿತ್ರಗಳಲ್ಲೂ ಧೈರ್ಯದ ಪ್ರಮಾಣ ಒಂದೇ, ಹಾಸ್ಯದ ಪ್ರಮಾಣವೂ ಒಂದೇ. ವ್ಯತ್ಯಾಸವಿರುವುದು ಮೇಜಿನ ಆಚೆ ಕುಳಿತವರಲ್ಲಿ.

ತೆರೆಯ ಮೇಲೆ ಚಟಾಕಿ ಒಂದು ಕವಚ. ಅದನ್ನು ಹಾರಿಸುವವನಿಗೆ ಗುಂಡು ತಾಗುವುದಿಲ್ಲವೆಂಬುದು ಪ್ರೇಕ್ಷಕರಿಗೂ ಕಥೆಗಾರನಿಗೂ ಇರುವ ಒಪ್ಪಂದ. ತೆರೆಯ ಹೊರಗೆ ಆ ಒಪ್ಪಂದ ಇಲ್ಲ. ಪ್ರಭುತ್ವಗಳು ಟೀಕೆಯನ್ನು ಹೇಗಾದರೂ ನುಂಗಿಕೊಳ್ಳುತ್ತವೆ, ನಗೆಪಾಟಲಾಗುವುದನ್ನು ನುಂಗಿಕೊಳ್ಳಲಾರವು. ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಮಂತ್ರಿ ಮಹೋದಯರನ್ನು ಕುಚೋದ್ಯದ ಹೆಸರುಗಳಿಂದ ಕರೆದು, ಅಧಿಕಾರದ ಮುಖವನ್ನು ಹಳ್ಳಿಯ ಕಟ್ಟೆಯ ಮೇಲೂ ನಗೆಯ ವಸ್ತುವಾಗಿಸಿತು. ಜಾಹೀರಾತು ತೆಗೆದುಕೊಳ್ಳದೆ ಓದುಗರು ಕೊಡುವ ಬೆಲೆಯೊಂದರ ಮೇಲೆಯೇ ನಿಂತಿತು. ಪಿ. ಲಂಕೇಶರು 2000ದಲ್ಲಿ ತೀರಿಕೊಂಡ ಮೇಲೆ ಗೌರಿ ಲಂಕೇಶ್ ಅದನ್ನು ಮುಂದುವರಿಸಿದರು, ಬಳಿಕ ತಮ್ಮದೇ ಪತ್ರಿಕೆ ಕಟ್ಟಿದರು. 2016ರಲ್ಲಿ ಮಾನಹಾನಿ ಪ್ರಕರಣವೊಂದರಲ್ಲಿ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಲಾಯಿತು. ಜಾಮೀನಿನ ಮೇಲೆ ಹೊರಗಿದ್ದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು.

ಅದೇ ವರ್ಷ ಅಕ್ಟೋಬರ್ 16ರಂದು ಮಾಲ್ಟಾ ದ್ವೀಪದಲ್ಲಿ ಡ್ಯಾಫ್ನೆ ಕರುವಾನಾ ಗಲಿಜಿಯಾ ಕಾರಿನಲ್ಲಿಟ್ಟ ಬಾಂಬು ಸಿಡಿದು ಸತ್ತರು. ಗೌರಿಯವರ ಹತ್ಯೆಯಾಗಿ ಆರು ವಾರಗಳೂ ತುಂಬಿರಲಿಲ್ಲ. ಡ್ಯಾಫ್ನೆ ತಮ್ಮ ಬ್ಲಾಗಿನಲ್ಲಿ ಭ್ರಷ್ಟಾಚಾರವನ್ನು ಬಯಲಿಗೆಳೆಯುತ್ತಿದ್ದುದಷ್ಟೇ ಅಲ್ಲ, ಮಂತ್ರಿಗಳ ಠೀವಿಯನ್ನು ಮೊನಚಾದ ವ್ಯಂಗ್ಯದಿಂದ ಕೆಣಕುತ್ತಿದ್ದರು. ಸಾಯುವಾಗ ಅವರ ಮೇಲೆ 40ಕ್ಕೂ ಹೆಚ್ಚು ಮಾನಹಾನಿ ಮೊಕದ್ದಮೆಗಳಿದ್ದವು. ಮಂತ್ರಿಯೊಬ್ಬರ ಕೋರಿಕೆಯ ಮೇರೆಗೆ ಅವರ ಬ್ಯಾಂಕ್ ಖಾತೆಗಳು ಸ್ತಂಭನಗೊಂಡಾಗ, ನ್ಯಾಯಾಲಯದಲ್ಲಿ ಇಡಬೇಕಾಗಿದ್ದ ಹಣವನ್ನು ಅವರ ಓದುಗರು ಚಂದಾ ಎತ್ತಿ ಕೂಡಿಸಿದ್ದರು. ಆ ಹಣ ಬಾಂಬನ್ನು ತಡೆಯಲಿಲ್ಲ, ನಿಜ. ಆದರೆ ಅವರು ಬದುಕಿದ್ದ ಕೊನೆಯ ತಿಂಗಳುಗಳಲ್ಲಿ ಬರೆಯುವುದನ್ನು ನಿಲ್ಲಿಸಬೇಕಾಗಲಿಲ್ಲ. ಇದು ಸಣ್ಣ ಸಂಗತಿಯಲ್ಲ.

ಇನ್ನು ಹಿಚ್‌ಕಾಕನ ಚಿತ್ರದ ಮೂಲಕ್ಕೆ ಬರುತ್ತೇನೆ. ನಿರ್ಮಾಪಕ ವಾಲ್ಟರ್ ವಾಂಗರ್ ಹಕ್ಕು ಪಡೆದದ್ದು ಅಮೆರಿಕದ ಪತ್ರಕರ್ತ ವಿನ್ಸೆಂಟ್ ಶೀಯನ್ 1935ರಲ್ಲಿ ಪ್ರಕಟಿಸಿದ ಆತ್ಮಕಥನಕ್ಕೆ. ಚಿತ್ರ ಸಿದ್ಧವಾಗುವ ಹೊತ್ತಿಗೆ ಅದರಲ್ಲಿ ಪುಸ್ತಕದ ಅಂಶ ಉಳಿದಿರಲಿಲ್ಲವೆಂದೇ ಹೇಳಬೇಕು. ಆದರೆ ಆ ನಿಜವಾದ ವಿದೇಶಿ ಬಾತ್ಮೀದಾರ ಮುಂದೆ ಗಾಂಧಿಯವರನ್ನು ಕಾಣಲು ಭಾರತಕ್ಕೆ ಬಂದ. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಆತನೂ ಇದ್ದ. ಚಿತ್ರದ ಜೋನ್ಸ್ ಮಳೆಯಲ್ಲಿ ಹಂತಕನ ಬೆನ್ನಟ್ಟಿದ. ಬದುಕಿನ ಶೀಯನ್‌ಗೆ ಗುಂಡಿನ ಸದ್ದು ಕೇಳುವುದರ ಹೊರತು ಏನೂ ಮಾಡಲಾಗಲಿಲ್ಲ. ಮರುವರ್ಷ ಗಾಂಧಿಯವರ ಬಗ್ಗೆ ಒಂದು ಪುಸ್ತಕ ಬರೆದ. ಪತ್ರಕರ್ತ ಜಗತ್ತನ್ನು ಉಳಿಸುವವನಲ್ಲ. ಜಗತ್ತಿಗೆ ಏನಾಯಿತೆಂದು ಹೇಳಲು ಉಳಿಯಬೇಕಾದವನು. ಸಾಹಸಚಿತ್ರಗಳು ನಮಗೆ ಕೊಡದ ಅರಿವು ಇದು.

ಚಿತ್ರದಲ್ಲಿ ನನಗೆ ತಕರಾರೂ ಇದೆ. ಖಳನಾಯಕನು ಶಾಂತಿಪರ ಸಂಘಟನೆಯೊಂದರ ನಾಯಕ. ಯುದ್ಧ ಬೇಡವೆನ್ನುವವರೆಲ್ಲ ಶತ್ರುವಿನ ಏಜೆಂಟರಿರಬಹುದೆಂಬ ಗುಮಾನಿಯನ್ನು ಕಥೆ ನಗುನಗುತ್ತಲೇ ಬಿತ್ತುತ್ತದೆ. ಕೊನೆಗೆ ಬಾಂಬು ಬೀಳುತ್ತಿರುವ ಲಂಡನ್ನಿನ ರೇಡಿಯೊ ಕೇಂದ್ರದಿಂದ ಜೋನ್ಸ್ ಅಮೆರಿಕನ್ನರಿಗೆ ಎಚ್ಚರಗೊಳ್ಳಿರೆಂದು ಕರೆ ಕೊಡುತ್ತಾನೆ. ಬೆನ್ ಹೆಕ್ಟ್ ಬರೆದ ಆ ದೃಶ್ಯವನ್ನು ಚಿತ್ರಕ್ಕೆ ಕಡೆಯ ಗಳಿಗೆಯಲ್ಲಿ ಸೇರಿಸಲಾಯಿತು. ಚಿತ್ರ ಬಿಡುಗಡೆಯಾದದ್ದು 1940ರ ಆಗಸ್ಟಿನಲ್ಲಿ, ಲಂಡನ್ನಿನ ಮೇಲೆ ಸತತ ಬಾಂಬುದಾಳಿ ಆರಂಭವಾದದ್ದು ಸೆಪ್ಟೆಂಬರ್ 7ರಂದು. ಕಲ್ಪನೆ ವಾಸ್ತವಕ್ಕಿಂತ ಮೂರು ವಾರ ಮುಂದಿತ್ತು. ನಾಜಿಗಳ ವಿಷಯದಲ್ಲಿ ಆ ಕರೆ ನ್ಯಾಯವಾದದ್ದೇ. ಆದರೂ ಆ ಗಳಿಗೆಯಲ್ಲಿ ಜೋನ್ಸ್ ಚಟಾಕಿ ಹಾರಿಸುವುದನ್ನು ಬಿಟ್ಟಿರುತ್ತಾನೆ ಎಂಬುದನ್ನು ಮರೆಯಲಾರೆ. ವರದಿಗಾರನ ದನಿ ರಾಷ್ಟ್ರದ ದನಿಯಾದಾಗ ಮೊದಲು ಕಾಣೆಯಾಗುವುದು ನಗು.

ನಾನಿರುವುದು ಅದೇ ಲಂಡನ್ನಿನಲ್ಲಿ. ಕೂಲಿ ಹಂತಕನೊಬ್ಬ ಜೋನ್ಸನನ್ನು ತಳ್ಳಲು ಹೋಗಿ ತಾನೇ ಬಿದ್ದು ಸಾಯುವ ವೆಸ್ಟ್‌ಮಿನ್‌ಸ್ಟರ್ ಕೆಥೀಡ್ರಲಿನ ಗೋಪುರ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾಣುತ್ತದೆ. ನನ್ನ ಜೇಬಿನಲ್ಲೂ ಬಲಿಷ್ಠ ದೇಶವೊಂದರ ಪಾಸ್‌ಪೋರ್ಟಿದೆ, ಜೊತೆಗೆ ಸಾಗರೋತ್ತರ ಭಾರತೀಯನೆಂಬ ಒಸಿಐ ಕಾರ್ಡಿದೆ. ಲೇಖಕ ಆತಿಶ್ ತಾಸೀರ್ ಅವರ ಕಾರ್ಡನ್ನು 2019ರ ನವೆಂಬರಿನಲ್ಲಿ ಭಾರತ ಸರ್ಕಾರ ರದ್ದುಪಡಿಸಿತು. ತಂದೆಯ ಮೂಲದ ವಿವರ ಮುಚ್ಚಿಟ್ಟರೆಂಬುದು ಸರ್ಕಾರ ಕೊಟ್ಟ ಕಾರಣ. ಅದಕ್ಕೆ ಕೆಲವು ತಿಂಗಳ ಹಿಂದೆ ಅವರು ‘ಟೈಮ್’ ಪತ್ರಿಕೆಯಲ್ಲಿ ಪ್ರಧಾನಿಯ ಬಗ್ಗೆ ಕಟುವಾಗಿ ಬರೆದಿದ್ದರೆಂಬುದು ಎಲ್ಲರ ನೆನಪಿನಲ್ಲಿತ್ತು. 2021ರ ಮಾರ್ಚಿನ ಅಧಿಸೂಚನೆಯ ಪ್ರಕಾರ, ಕಾರ್ಡುದಾರರು ಭಾರತದಲ್ಲಿ ಪತ್ರಿಕೋದ್ಯಮದ ಕೆಲಸ ಮಾಡಬೇಕಾದರೆ ವಿಶೇಷ ಅನುಮತಿ ಪಡೆಯಬೇಕು. ಜಾನಿ ಜೋನ್ಸ್ ಕನ್ನಡಿಗನಾಗಿದ್ದರೆ ಗಾಳಿಯಂತ್ರವನ್ನು ನೋಡುವ ಮೊದಲು ಅರ್ಜಿ ತುಂಬಬೇಕಾಗುತ್ತಿತ್ತು.

ಎರಡು ವರ್ಷಗಳ ಹಿಂದೆ ನಾನು ಬರೆದ ಲೇಖನವೊಂದರಲ್ಲಿ ನಮ್ಮ ಜಿಲ್ಲೆಯ ರಾಜಕಾರಣಿಯೊಬ್ಬರ ಬಗ್ಗೆ ಒಂದು ಹಾಸ್ಯದ ವಾಕ್ಯವಿತ್ತು. ಕಳುಹಿಸುವ ಹಿಂದಿನ ರಾತ್ರಿ ಅದನ್ನು ಅಳಿಸಿದೆ. ಯಾರೂ ಬೆದರಿಸಿರಲಿಲ್ಲ. ಊರಿನಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಅವರನ್ನು ನೋಡಲು ಹೋಗುವ ದಾರಿ ಮುಚ್ಚಿಹೋದರೆ ಎಂಬ ಅಳುಕು ಸಾಕಾಯಿತು. ಲೇಖನದ ಉಳಿದೆಲ್ಲ ಟೀಕೆಯನ್ನು ಹಾಗೇ ಬಿಟ್ಟಿದ್ದೆ. ತೆಗೆದದ್ದು ನಗುವನ್ನು ಮಾತ್ರ. ಯಾವುದು ಹೆಚ್ಚು ಅಪಾಯಕಾರಿ ಎಂಬುದು ನನಗೆ ಗೊತ್ತಿತ್ತು.

ಹೀಗಿರುವ ನಾವು, ದೂರದ ದೇಶಗಳ ಬೆಚ್ಚನೆಯ ಕೋಣೆಗಳಲ್ಲಿ ಕುಳಿತು, ಊರಿನಲ್ಲಿ ಗೌರಿಯಂಥವರು ಇನ್ನೊಬ್ಬರಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ. ಆ ನಿಟ್ಟುಸಿರಿನಲ್ಲಿ ಒಂದು ಕ್ರೌರ್ಯವಿದೆ. ನಾಯಕ ಬೇಕೆನ್ನುವವರು, ತಾವು ಮಾಡದ ಕೆಲಸವನ್ನು ಒಬ್ಬನ ಎದೆಗೆ ವರ್ಗಾಯಿಸುತ್ತಾರೆ. ತಾಲ್ಲೂಕಿನ ವರದಿಗಾರನಿಗೆ ಮರಳು ಲಾರಿಗಳ ಲೆಕ್ಕ ಗೊತ್ತಿಲ್ಲದಿರುವುದಿಲ್ಲ. ಅವನಿಗೆ ಇಲ್ಲದಿರುವುದು ತಿಂಗಳ ಸಂಬಳ, ಮೊಕದ್ದಮೆ ಬಿದ್ದರೆ ನಿಲ್ಲುವ ವಕೀಲ, ಫೋನು ಎತ್ತುವ ಸಂಪಾದಕ.

ಇದರಲ್ಲಿ ನಮ್ಮ ಪಾಲಿನದು ಏನು? ವಿದೇಶಿ ಪಾಸ್‌ಪೋರ್ಟಿನವರು ಭಾರತದ ಪತ್ರಿಕೆಗಳಿಗೆ ದೇಣಿಗೆ ಕೊಡುವುದಕ್ಕೆ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ತಡೆಯಿದೆ. ಆದರೆ ಪತ್ರಿಕೆಯನ್ನು ಕೊಂಡು ಓದುವುದು ದೇಣಿಗೆಯಲ್ಲ, ಅದು ಬೆಲೆ. ಕನ್ನಡ ಕೂಟದ ಯುಗಾದಿ ಊಟದ ಒಂದು ಟಿಕೆಟ್ಟಿಗೆ ಕೊಡುವಷ್ಟು ಹಣವನ್ನು ಊರಿನ ಒಂದು ಸಣ್ಣ, ಸ್ವತಂತ್ರ ಪತ್ರಿಕೆಯ ಚಂದಾಕ್ಕೆ ಪ್ರತಿವರ್ಷ ತಪ್ಪದೆ ಕಟ್ಟಬಹುದು. ಅದರ ವರದಿಗಳನ್ನು ಸ್ಕ್ರೀನ್‌ಶಾಟ್ ತೆಗೆದು ಹಂಚುವ ಬದಲು ಕೊಂಡು ಓದಿರೆಂದು ಹತ್ತು ಜನರಿಗೆ ಹೇಳಬಹುದು. ವರದಿಗಾರನ ಮೇಲೆ ಮೊಕದ್ದಮೆ ಬಿದ್ದ ವಾರ ಅವನ ಹೆಸರನ್ನು ನಮ್ಮ ಸಭೆಗಳಲ್ಲಿ ಗಟ್ಟಿಯಾಗಿ ಹೇಳಬಹುದು. ಇವು ಸಾಹಸಗಳಲ್ಲ. ಲಂಕೇಶರ ಓದುಗರು ವಾರವಾರವೂ ಅಂಗಡಿಯ ಮುಂದೆ ನಿಂತು ಚಿಲ್ಲರೆ ಎಣಿಸಿ ಮಾಡಿದ್ದು ಇದನ್ನೇ.

ನಾನು ಈ ವರ್ಷ ಎರಡು ಪತ್ರಿಕೆಗಳಿಗೆ ಚಂದಾ ಕಟ್ಟಿದ್ದೇನೆ. ಅಳಿಸಿದ ಆ ವಾಕ್ಯವನ್ನು ಇಲ್ಲಿ ಮತ್ತೆ ಬರೆಯಬೇಕೆಂದುಕೊಂಡು ಕುಳಿತಿದ್ದೆ. ಇನ್ನೂ ಧೈರ್ಯ ಬಂದಿಲ್ಲ. ನಮ್ಮೂರಿನಲ್ಲೇ ಇದ್ದು, ಅದಕ್ಕಿಂತ ಮೊನಚಾದದ್ದನ್ನು ತಮ್ಮ ಹೆಸರು ಹಾಕಿ ಬರೆಯುತ್ತಿರುವವರಿದ್ದಾರೆ. ಅವರ ಖರ್ಚಿನ ಲೆಕ್ಕದಲ್ಲಿ ನನ್ನದೂ ಒಂದು ಸಾಲು ಇರಲಿ.