‘ಸೈಡ್ ಎಫೆಕ್ಟ್ ಇಲ್ಲ’ ಅನ್ನುವವರಿಗೆ ನಾಲ್ಕು ಪ್ರಶ್ನೆ

ತಲೆನೋವು ಅಂತ ಬಾಯಿಬಿಟ್ಟು ನೋಡಿ, ಎದುರಿಗಿದ್ದವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಒಬ್ಬರು ಶುಂಠಿ ತೇಯ್ದು ಹಣೆಗೆ ಹಚ್ಚು ಅಂತಾರೆ, ಇನ್ನೊಬ್ಬರು ಕಾಫಿ ಬಿಡು ಅಂತಾರೆ, ಮತ್ತೊಬ್ಬರು ಕನ್ನಡಕ ಬದಲಾಯಿಸು ಅಂತಾರೆ. ಇವರ ಮೇಲೆ ನನಗೆ ಸಿಟ್ಟಿಲ್ಲ. ಪುಕ್ಕಟೆ ಸಲಹೆ, ಪ್ರೀತಿಯಿಂದ ಕೊಟ್ಟಿದ್ದು. ನನ್ನ ಜಗಳ ಇರುವುದು ಈ ಗುಂಪಿಗೆ ಹೊಸದಾಗಿ ಸೇರಿಕೊಂಡವರ ಜತೆ. ಬಿಳಿ ಡಬ್ಬಿ, ಅದರ ಮೇಲೊಂದು ಹಸಿರೆಲೆ, ಒಳಗೆ ಅರವತ್ತು ಮಾತ್ರೆ. “ಮೈಗ್ರೇನ್‌ಗೆ ರಾಮಬಾಣ, ಇಂಗ್ಲಿಷ್ ಮದ್ದು ಬಿಟ್ಟುಬಿಡಿ, ಇದು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ.” ಕೇಳಿದ್ದೀರಲ್ಲ?

ಗಿರಾಕಿಗಳಿಗೇನೂ ಬರವಿಲ್ಲ. ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿ ಮಾಡಿದ ಒಂದು ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದವರು ಅದರ ಪ್ರಕಾರ ಶೇಕಡ 25. ನಾಲ್ವರಲ್ಲಿ ಒಬ್ಬರು! ಅದರಲ್ಲೂ ಹೆಂಗಸರೇ ಹೆಚ್ಚು. ಕತ್ತಲೆ ಕೋಣೆಯಲ್ಲಿ ಬಟ್ಟೆ ಕಟ್ಟಿಕೊಂಡು ಮಲಗಿ, ವಾಂತಿ ಮಾಡಿ, ಎದ್ದು ಸಂಜೆಯ ಅಡುಗೆಗೆ ನಿಲ್ಲುವವರು. ಇಂಥವರಿಗೆ ಸುಳ್ಳು ಮಾರುವುದು ಬಹಳ ಸುಲಭ. ಅದಕ್ಕೇ ಕೋಪ ಬರೋದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸಪ್ಲಿಮೆಂಟ್ ಎಲ್ಲ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಮೈಗ್ರೇನ್ ಬಾರದಂತೆ ತಡೆಯಲು ಕೆಲವು ಸಹಾಯ ಮಾಡಬಹುದು ಅನ್ನುವುದಕ್ಕೆ ಆಧಾರ ಇದೆ. ಆ ಆಧಾರವನ್ನು ಗೌರವಿಸುವುದಾದರೆ ಮಾರುವವರು ನಾಲ್ಕು ಪ್ರಶ್ನೆಗೆ ಉತ್ತರ ಕೊಡಲಿ.

ಮೊದಲನೆಯದು: ಎಷ್ಟು ಮಿಲಿಗ್ರಾಂ? ಬಿ2 ಅಥವಾ ರೈಬೋಫ್ಲೇವಿನ್ ಮೈಗ್ರೇನ್ ತಡೆಯುತ್ತದೆ ಅನ್ನುವ ಮಾತು ಬಂದದ್ದು ಬೆಲ್ಜಿಯಂನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಿಂದ. ಅಲ್ಲಿ ಕೊಟ್ಟದ್ದು ದಿನಕ್ಕೆ 400 ಮಿಲಿಗ್ರಾಂ, ಮೂರು ತಿಂಗಳು. ನಮ್ಮ ಮೈಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಅಂದರೆ ಅದು ಊಟದ ಕೊರತೆ ತುಂಬುವ ಲೆಕ್ಕ ಅಲ್ಲವೇ ಅಲ್ಲ, ಇನ್ನೂರು ಪಟ್ಟು ಕೊಟ್ಟು ಮದ್ದಿನ ಹಾಗೆ ಬಳಸುವ ಲೆಕ್ಕ. ಮೆಡಿಕಲ್ ಶಾಪಿನ ಮಾಮೂಲಿ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿ ಇರುವುದು ಹೆಚ್ಚೆಂದರೆ 10 ಮಿಲಿಗ್ರಾಂ ಆಸುಪಾಸು. ಹಾಗಂತ ನಲವತ್ತು ಕ್ಯಾಪ್ಸೂಲ್ ನುಂಗಲು ಹೋಗಬೇಡಿ ಮಾರಾಯ್ರೆ, ಅದರಲ್ಲಿ ಬಿ6 ಕೂಡ ಇರುತ್ತದೆ, ಅದು ಅತಿಯಾದರೆ ಕೈಕಾಲಿನ ನರ ಕೆಡುತ್ತದೆ. ಮೆಗ್ನೀಸಿಯಂ ಕಥೆ ಇನ್ನೂ ಚೆಂದ. ಡಬ್ಬಿಯ ಮೇಲೆ ದೊಡ್ಡದಾಗಿ ‘ಮೆಗ್ನೀಸಿಯಂ ಸಿಟ್ರೇಟ್ 1000 ಮಿಲಿಗ್ರಾಂ’ ಅಂತ ಇರುತ್ತದೆ. ಅದರಲ್ಲಿ ನಿಜವಾದ ಮೆಗ್ನೀಸಿಯಂ ಸುಮಾರು 160. ಉಳಿದದ್ದು ಸಿಟ್ರೇಟ್. ಅಧ್ಯಯನದಲ್ಲಿ ಕೊಟ್ಟದ್ದು 600 ಮಿಲಿಗ್ರಾಂ ನಿಜವಾದ ಮೆಗ್ನೀಸಿಯಂ. ಅಧ್ಯಯನದ ಹೆಸರು ಹೇಳಿ ಬೇರೇನೋ ಕೊಡುವುದಕ್ಕೆ ನಮ್ಮ ಕಡೆ ಟೋಪಿ ಹಾಕೋದು ಅಂತಾರೆ.

ಎರಡನೆಯದು: ಎಷ್ಟು ಜನರ ಮೇಲೆ ನೋಡಿದ್ದೀರಿ? ಬೆಲ್ಜಿಯಂ ಅಧ್ಯಯನದಲ್ಲಿದ್ದವರು 55 ಜನ. ಬಿ2 ತೆಗೆದುಕೊಂಡವರಲ್ಲಿ ಶೇಕಡ 59 ಮಂದಿಗೆ ನೋವು ಅರ್ಧಕ್ಕರ್ಧ ತಗ್ಗಿತು, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇಕಡ 15 ಮಂದಿಗೆ. ಒಳ್ಳೆಯ ಫಲವೇ. ಕೋಎಂಜೈಮ್ ಕ್ಯೂ10 ಬಗ್ಗೆ 2005ರಲ್ಲಿ ಬಂದ ಅಧ್ಯಯನದಲ್ಲಿದ್ದವರು 42 ಜನ, ಅಲ್ಲೂ ಫಲ ಕಂಡಿತು. ಆದರೆ ಮೆಗ್ನೀಸಿಯಂ ಬಗ್ಗೆ 1996ರಲ್ಲೇ ಎರಡು ಅಧ್ಯಯನ ಬಂದವು, ಒಂದರಲ್ಲಿ ಉಪಯೋಗ ಕಂಡಿತು, ಇನ್ನೊಂದರಲ್ಲಿ ಕಾಣಲಿಲ್ಲ. ಎರಡನೆಯದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ.

ಇನ್ನೂ ಒಂದಿದೆ. ಬಿ2 ನುಂಗಿದರೆ ಮೂತ್ರ ಗಾಢ ಹಳದಿಯಾಗುತ್ತದೆ. ಹುಸಿಮಾತ್ರೆ ಯಾರದು, ನಿಜ ಮಾತ್ರೆ ಯಾರದು ಅಂತ ಬಚ್ಚಲಲ್ಲೇ ಗೊತ್ತಾಗಿಬಿಡುತ್ತದೆ! ಇದನ್ನು ತಪ್ಪಿಸಲು 2004ರ ಒಂದು ಅಮೆರಿಕನ್ ಅಧ್ಯಯನ ಒಂದು ಗುಂಪಿಗೆ ಬಿ2, ಮೆಗ್ನೀಸಿಯಂ ಮತ್ತು ಫೀವರ್‌ಫ್ಯೂ ಎಂಬ ಮೂಲಿಕೆಯನ್ನು ಸೇರಿಸಿ ಕೊಟ್ಟಿತು, ಇನ್ನೊಂದು ಗುಂಪಿಗೆ ಬಣ್ಣಕ್ಕೆ ಮಾತ್ರ ಅಂತ 25 ಮಿಲಿಗ್ರಾಂ ಬಿ2 ಕೊಟ್ಟಿತು. ನೋವು ಅರ್ಧಕ್ಕಿಳಿದವರು ಮೊದಲ ಗುಂಪಿನಲ್ಲಿ ಶೇಕಡ 42, ಎರಡನೆಯದರಲ್ಲಿ ಶೇಕಡ 44. ಆ 25 ಮಿಲಿಗ್ರಾಮೇ ಕೆಲಸ ಮಾಡಿತೋ, ನಂಬಿಕೆ ಕೆಲಸ ಮಾಡಿತೋ, ವಾದಿಸಬಹುದು. ‘ಮೂರನ್ನೂ ಸೇರಿಸಿದರೆ ಮೂರು ಪಟ್ಟು ಬಲ’ ಅಂತ ಮಾತ್ರ ಹೇಳುವ ಹಾಗಿಲ್ಲ. ಅಂಗಡಿಯಲ್ಲಿ ಹೆಚ್ಚು ಬೆಲೆಗೆ ಕೂತಿರುವುದು ಈ ‘ಎಲ್ಲ ಸೇರಿದ’ ಡಬ್ಬಿಯೇ.

ಮೂರನೆಯದು: ನ್ಯಾಚುರಲ್ ಅಂದರೆ ಏನು? ಬಟರ್‌ಬರ್ ಅಂತ ಯೂರೋಪಿನ ಒಂದು ಗಿಡ. ಅದರ ಬೇರಿನ ಸಾರಕ್ಕೆ 2012ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ ಮೈಗ್ರೇನ್ ತಡೆಯುವ ಮೂಲಿಕೆ, ಸಪ್ಲಿಮೆಂಟುಗಳಲ್ಲಿ ಮೊದಲ ದರ್ಜೆ ಕೊಟ್ಟಿತು. ಬಿ2, ಮೆಗ್ನೀಸಿಯಂ ಎರಡನೆಯ ದರ್ಜೆಗೆ ಬಂದವು. ಮೂರೇ ವರ್ಷ. 2015ರಲ್ಲಿ ಅದೇ ಅಕಾಡೆಮಿ ಆ ಶಿಫಾರಸನ್ನು ವಾಪಸ್ ತೆಗೆದುಕೊಂಡಿತು. ಕಾರಣ, ಲಿವರ್‌ಗೆ ಹಾನಿಯ ಭಯ. ಗಿಡದಿಂದ ಬಂದದ್ದೇ, ಕೆಲಸ ಮಾಡಿದ್ದೂ ಹೌದು, ಆದರೂ ಲಿವರ್‌ಗೆ ಗಂಡಾಂತರ. ಹಸಿರೆಲೆ ಚಿತ್ರ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಎಕ್ಕದ ಹಾಲೂ ನ್ಯಾಚುರಲ್ಲೇ ಅಲ್ಲವಾ ಸ್ವಾಮಿ? ಮೆಗ್ನೀಸಿಯಂ ಹೆಚ್ಚಾದರೆ ಭೇದಿ, ಕಿಡ್ನಿ ಕೆಟ್ಟವರಿಗಂತೂ ಅದು ಅಪಾಯವೇ. ಫೀವರ್‌ಫ್ಯೂ ಬಸುರಿಯರಿಗೆ ಸಲ್ಲದು. ಇದೆಲ್ಲ ಸೈಡ್ ಎಫೆಕ್ಟ್ ಅಲ್ಲದಿದ್ದರೆ ಮತ್ತೇನು?

ನಾಲ್ಕನೆಯದು: ಎಷ್ಟು ದಿನ, ಮತ್ತು ನಿಲ್ಲಿಸುವುದು ಯಾವಾಗ? ಬಿ2 ಕೆಲಸ ಮಾಡಿದೆಯೋ ಇಲ್ಲವೋ ಗೊತ್ತಾಗಲು ಎರಡು ಮೂರು ತಿಂಗಳು ಬೇಕು. ನೋವು ಬಂದಾಗ ನುಂಗುವ ಮಾತ್ರೆಯಲ್ಲ ಅದು. ಮೂರು ತಿಂಗಳಾದ ಮೇಲೂ ಕಡಿಮೆಯಾಗದಿದ್ದರೆ? ಡಬ್ಬಿಯವರ ಉತ್ತರ ಗೊತ್ತಲ್ಲ, “ಇನ್ನೂ ಮೂರು ತಿಂಗಳು ತಗೊಳ್ಳಿ.” ಈ ಮಧ್ಯೆ ಆ ಹೆಂಗಸು ವಾರಕ್ಕೆ ನಾಲ್ಕು ದಿನ ನೋವಿನ ಮಾತ್ರೆ ನುಂಗುತ್ತಾ ಇರುತ್ತಾಳೆ. ಪ್ಯಾರಾಸಿಟಮಾಲ್‌ನಂಥದ್ದನ್ನು ತಿಂಗಳಿಗೆ 15 ದಿನ, ಎರಡು ಮೂರು ಮದ್ದು ಬೆರೆಸಿದ ಮಾತ್ರೆಗಳನ್ನು 10 ದಿನ, ಹೀಗೇ ಮೂರು ತಿಂಗಳು ದಾಟಿದರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಬೆಂಕಿ ಆರಿಸಲು ತಂದ ನೀರೇ ಎಣ್ಣೆಯಾದ ಹಾಗೆ. ಇದನ್ನು ಕೇಳಿ ತಿಳಿಯಬೇಕಾದವರು ಡಾಕ್ಟರು. ಅವರ ಹತ್ತಿರ ಹೋಗಬೇಡಿ ಅಂತ ತಾನೇ ಡಬ್ಬಿಯವರು ಹೇಳೋದು?

ತಮಾಷೆ ಏನೆಂದರೆ, ಡಬ್ಬಿಯೇ ಸತ್ಯ ಹೇಳುತ್ತದೆ. ನಮ್ಮ ದೇಶದಲ್ಲಿ ಇವು ಆಹಾರದ ಕಾನೂನಿನ ಅಡಿ ಮಾರಾಟವಾಗುವ ಪದಾರ್ಥ. ‘ಔಷಧೀಯ ಬಳಕೆಗೆ ಅಲ್ಲ’ ಅಂತ ಲೇಬಲ್ ಮೇಲೆ ಅಚ್ಚುಹಾಕಬೇಕು ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಲೇಬಲ್ ಮದ್ದಲ್ಲ ಅನ್ನುತ್ತದೆ, ಮಾರುವವನ ಬಾಯಿ ರಾಮಬಾಣ ಅನ್ನುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ಮದ್ದು ಅನ್ನುವುದಾದರೆ ಮದ್ದಿಗೆ ಇರುವ ಅಂಕೆಯೆಲ್ಲ ಇದಕ್ಕೂ ಇರಲಿ. ಆಹಾರ ಅನ್ನುವುದಾದರೆ ಗುಣಮಾಡುವ ಮಾತು ಬೇಡ. ಬರೀ ಮೆಗ್ನೀಸಿಯಂ ಬೇಕಿದ್ದರೆ ನೂರು ಗ್ರಾಂ ರಾಗಿಯಲ್ಲೇ ಸುಮಾರು 140 ಮಿಲಿಗ್ರಾಂ ಇದೆ. ಮುದ್ದೆಯನ್ನು ಯಾರೂ ರಾಮಬಾಣ ಅಂತ ಮಾರುವುದಿಲ್ಲ.

ಡಾಕ್ಟರುಗಳಿಗೂ ಒಂದು ಮಾತು. ಜನ ಡಬ್ಬಿಯ ಹಿಂದೆ ಹೋಗುವುದಕ್ಕೆ ನಿಮ್ಮ ಪಾಲೂ ಇದೆ. ಎರಡು ನಿಮಿಷದಲ್ಲಿ “ಟೆನ್ಷನ್ ಕಮ್ಮಿ ಮಾಡ್ಕೊಳ್ಳಮ್ಮ” ಅಂತ ಕಳಿಸಿದರೆ ಆಕೆ ಇನ್ನೆಲ್ಲಿಗೆ ಹೋಗಬೇಕು? ತಡೆಯುವ ಮದ್ದಿನಿಂದ ತೂಕ ಏರುತ್ತೆ, ಮಂಪರು ಬರುತ್ತೆ ಅಂದಾಗ ಬೈಯುವ ಬದಲು, ಪಕ್ಕದಲ್ಲಿ ಬಿ2 ಸೇರಿಸಿ ನೋಡೋಣ ಅನ್ನಬಹುದಲ್ಲ? ಅದಕ್ಕೇ ಪೂರಕ ಅನ್ನುವುದು. ಪೂರಕ ಅಂದರೆ ಜತೆಗೆ ನಿಲ್ಲುವುದು, ಜಾಗ ಕಸಿಯುವುದಲ್ಲ.

ನುಂಗುವವರು ಮಾಡಬೇಕಾದದ್ದು ಇಷ್ಟೇ. ಏನು ತಗೊಳ್ತಿದ್ದೀರಿ ಅಂತ ಡಾಕ್ಟರಿಗೆ ಡಬ್ಬಿ ಸಮೇತ ತೋರಿಸಿ. ಒಂದು ಸಲಕ್ಕೆ ಒಂದೇ ಸೇರಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೊಂದು ಗುರುತು, ನೋವಿನ ಮಾತ್ರೆ ನುಂಗಿದ ದಿನಕ್ಕೊಂದು ಗುರುತು ಹಾಕಿ. ಮೂರು ತಿಂಗಳಾದ ಮೇಲೆ ಎಣಿಸಿ. ಗುರುತು ಕಮ್ಮಿಯಾಗಿದ್ದರೆ ಸಂತೋಷ, ಆಗದಿದ್ದರೆ ಡಬ್ಬಿ ಆಚೆಗೆ. ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದ ನೋವು ಸಿಡಿದರೆ, ಮಾತು ತೊದಲಿದರೆ, ಜ್ವರದ ಜತೆ ಕತ್ತು ಸೆಟೆದುಕೊಂಡರೆ, ಕ್ಯಾಲೆಂಡರೂ ಬೇಡ ಡಬ್ಬಿಯೂ ಬೇಡ, ಸೀದಾ ಆಸ್ಪತ್ರೆಗೆ ನಡೀರಿ.